ಒಂಬತ್ತು ವರ್ಷದ ಸೇವೆಯ ನಂತರ ಒಂದು ಪ್ರಶ್ನೆ: ಸಭಾಪಾಲಕನಿಗೆ ರಜೆ ಎಂಬುದು ಇದೆಯೇ?

ದಾವಣಗೆರೆಯ ಸೇವಕ | ಭಾನುವಾರ, ರಾತ್ರಿ 11.40

ಎಲ್ಲರಿಗೂ ವಂದನೆಗಳು. ಹೆಸರು ಹಾಕುವುದಿಲ್ಲ, ಕ್ಷಮಿಸಿ. ಊರು ದೊಡ್ಡದಾದರೂ ನಮ್ಮ ಕ್ರೈಸ್ತ ಜನ ಕಡಿಮೆ. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲೇ ನಾವು ನೂರಕ್ಕೆ ಎರಡೂ ಇಲ್ಲ. ಪಿ.ಜೆ. ಬಡಾವಣೆಯಲ್ಲಿ ಕೆಮ್ಮಿದರೆ ಹರಿಹರದಲ್ಲಿ ಕೇಳಿಸುತ್ತದೆ.

ನಮ್ಮದು ಊರಂಚಿನ ಸಭೆ, ಅಂದರೆ ಚರ್ಚು, ಸುಮಾರು 70 ಕುಟುಂಬ. ಹೆಚ್ಚಿನವರು ಹಿಂದೆ ಹತ್ತಿ ಗಿರಣಿಗಳಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು. ಗಿರಣಿಗಳು ಮುಚ್ಚಿದ ಮೇಲೆ ಆಟೊ, ಗಾರೆ ಕೆಲಸ, ಮಂಡಕ್ಕಿ ಭಟ್ಟಿ, ಆಸ್ಪತ್ರೆಯ ಆಯಾ ಕೆಲಸ ಎಂದು ಚದುರಿದ್ದಾರೆ. ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ.

ಹೋದ ತಿಂಗಳ ಒಂದು ಗುರುವಾರದ ಸಂಗತಿ. ಬೆಳಿಗ್ಗೆ ನಮ್ಮ ಸಭೆಯ ಹಿರಿಯ ಅಜ್ಜಿಯೊಬ್ಬರ ಸಮಾಧಿ, ಮಧ್ಯಾಹ್ನ ಹರಿಹರದಲ್ಲಿ ನಿಶ್ಚಿತಾರ್ಥ. ನಡುವೆ ಇದ್ದದ್ದು ಒಂದೇ ಗಂಟೆ. ಸಮಾಧಿಗೆ ಮಣ್ಣು ಹಾಕಿದ ಕೈಯನ್ನು ಬಾಟಲಿ ನೀರಿನಲ್ಲಿ ತೊಳೆದುಕೊಂಡು, ಕಾರಿನ ಹಿಂದಿನ ಸೀಟಿನಲ್ಲಿ ಅಂಗಿ ಬದಲಾಯಿಸಿಕೊಂಡು ಹೋದೆ. ಪ್ರಾರ್ಥನೆಯಲ್ಲಿ ಹುಡುಗ ಹುಡುಗಿಯ ಹೆಸರೆತ್ತಿ ಆಶೀರ್ವದಿಸುವ ಜಾಗ ಬಂತು. ಹುಡುಗನ ಹೆಸರು ಸರಿಯಾಗಿ ಬಂತು. ಹುಡುಗಿಯ ಹೆಸರಿನ ಜಾಗದಲ್ಲಿ ಬಾಯಿಗೆ ಬಂದದ್ದು ಬೆಳಿಗ್ಗೆ ಮಣ್ಣು ಮಾಡಿದ ಅಜ್ಜಿಯ ಹೆಸರು. ಕಣ್ಣು ಮುಚ್ಚಿದ್ದರಿಂದ ಯಾರ ಮುಖವೂ ಕಾಣಲಿಲ್ಲ. ಬಳೆಗಳ ಸದ್ದು ಮಾತ್ರ ಒಮ್ಮೆಲೇ ನಿಂತಿತು. ತಿದ್ದಿಕೊಂಡು ಮುಂದುವರಿಸಿದೆ. ಊಟಕ್ಕೆ ಕುಳಿತಾಗಲೂ ಹುಡುಗಿಯ ತಾಯಿ ನನ್ನ ಕಡೆ ನೋಡಲಿಲ್ಲ.

ಬಾಯಿ ತಪ್ಪುವುದು ಇದ್ದದ್ದೇ. ನನ್ನನ್ನು ಹೆದರಿಸಿದ್ದು ಬೇರೆ. ಆ ಅಜ್ಜಿ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ನನ್ನ ಮಗಳ ಅಂಗೈಗೆ ಒಂದು ಪೆಪ್ಪರಮೆಂಟು ಇಡುತ್ತಿದ್ದರು, ಸೆರಗಿನ ಗಂಟು ಬಿಚ್ಚಿ. ಅಂಥವರ ಪೆಟ್ಟಿಗೆಯನ್ನು ಕೆಳಗಿಳಿಸುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಹರಿಹರಕ್ಕೆ ತಡವಾಗುತ್ತದೆ ಎಂಬ ಒಂದೇ ಮಾತು. ದುಃಖವೇ ಆಗಲಿಲ್ಲ.

ರಾತ್ರಿ ಕುಳಿತು ಯೋಚಿಸಿದೆ. ಪ್ರಸಂಗಕ್ಕೆ (ಭಾನುವಾರದ ಉಪದೇಶಕ್ಕೆ) ಬೇಕಿಲ್ಲದ ಬೈಬಲಿನ ಒಂದು ಅಧ್ಯಾಯವನ್ನು ನನಗೋಸ್ಕರ ಓದಿ ಎಷ್ಟು ದಿನವಾಯಿತು? ನೆನಪಿಗೆ ಬರಲಿಲ್ಲ. ಒಂದು ಇಡೀ ದಿನ ಬಿಡುವಾಗಿದ್ದದ್ದು ಯಾವಾಗ? ಹೆಂಡತಿಯನ್ನು ಕೇಳಿದೆ. ಮಗಳಿಗೆ ಡೆಂಗಿ ಬಂದು ಆಸ್ಪತ್ರೆಯಲ್ಲಿದ್ದಾಗ ಎಂದಳು.

ಕೇಳುವುದಿಷ್ಟೇ. ನಿಮ್ಮಲ್ಲಿ ಯಾರಾದರೂ ವಾರಕ್ಕೊಂದು ದಿನ ನಿಜವಾಗಿಯೂ ರಜೆ ತೆಗೆದುಕೊಳ್ಳುತ್ತೀರಾ? ಅದನ್ನು ಸಭೆಗೆ ಹೇಗೆ ಹೇಳಿದಿರಿ?

ದುರ್ಗದ ಹಳೆಯ ಅಯ್ಯ | ಸೋಮವಾರ, ಬೆಳಿಗ್ಗೆ 6.15

ತಮ್ಮಾ, 34 ವರ್ಷ ಸೇವೆ ಮಾಡಿ ಈಗ ಚಿತ್ರದುರ್ಗದಲ್ಲಿ ಕೋಟೆ ಕಾಣುವ ಒಂದು ಬಾಡಿಗೆ ಮನೆಯಲ್ಲಿದ್ದೇನೆ. ನಿನ್ನ ಬರಹ ಓದುತ್ತ ಕುಳಿತು ಚಹಾ ಆರಿಹೋಯಿತು.

ಮೊದಲು ನನ್ನದೊಂದು ಮಾನ ಹೋಗುವ ಕಥೆ ಹೇಳುತ್ತೇನೆ. ನನ್ನ ಪ್ರಸಂಗಗಳನ್ನೆಲ್ಲ ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ನನಗೆ. ಮೂರನೆಯ ವರ್ಗಾವಣೆಯ ಊರಿನಲ್ಲಿ ಒಂದು ದಿನ ತಿರುವಿ ನೋಡಿದರೆ, ತಪ್ಪಿಹೋದ ಕುರಿಯ ಮೇಲಿನ ಒಂದೇ ಪ್ರಸಂಗವನ್ನು ಅದೇ ಸಭೆಯಲ್ಲಿ ಎರಡು ವರ್ಷದಲ್ಲಿ ಮೂರು ಸಲ ಹೇಳಿದ್ದೇನೆ. ಯಾರೂ ತಕರಾರು ಮಾಡಿರಲಿಲ್ಲ. ಮೊದಲು ಸಮಾಧಾನವೇ ಆಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಸಭೆಯಲ್ಲಿ ನನ್ನ ಸಹಾಯಕ್ಕಿದ್ದ ಉಪದೇಶಿಯನ್ನು ಕೇಳಿದೆ. ಪುಣ್ಯಾತ್ಮ ತಲೆ ಕೆರೆದುಕೊಂಡು, ‘ಮೂರನೆಯ ಸಲ ಸ್ವಲ್ಪ ಚುಟುಕಾಗಿತ್ತು ಅಯ್ಯನವರೇ, ಚೆನ್ನಾಗಿತ್ತು’ ಎಂದ. ತಪ್ಪಿಹೋದ ಕುರಿ ಯಾವುದು ಎಂದು ಆವತ್ತು ತಿಳಿಯಿತು.

ಬೈಬಲಿನ ಒಂದನೆಯ ಅರಸುಗಳು 19ನೆಯ ಅಧ್ಯಾಯ ತೆಗೆ. ಪ್ರಸಂಗಕ್ಕಲ್ಲ, ನಿನಗೆ. ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಗೆದ್ದ ಪ್ರವಾದಿ ಎಲೀಯ, ಇಲ್ಲಿ ಸಾಯಬೇಕೆಂದು ಬೇಡಿಕೊಳ್ಳುತ್ತ ಗಿಡದ ಕೆಳಗೆ ಕುಳಿತಿದ್ದಾನೆ. ನಮ್ಮ ಹಳೆಯ ಕನ್ನಡ ಅನುವಾದದಲ್ಲಿ ಅದು ಜಾಲಿಗಿಡ. ಚಳ್ಳಕೆರೆ, ಹಿರಿಯೂರಿನ ಕಡೆಯವರಿಗೆ ಜಾಲಿಯ ನೆರಳು ಎಷ್ಟು ತೆಳ್ಳಗೆ ಎಂದು ಹೇಳಬೇಕಾಗಿಲ್ಲ. ದೇವದೂತ ಬಂದು ಬೈಯಲಿಲ್ಲ, ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಏಳು, ಉಣ್ಣು ಎಂದ. ಎಲೀಯ ಉಂಡು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಎಬ್ಬಿಸಿ ಊಟಕ್ಕೇ ಕರೆದ. ದೇವರು ಮಾತಿಗೆ ತೊಡಗಿದ್ದು ನಲವತ್ತು ದಿನ ಕಳೆದು ಹೋರೇಬ್ ಬೆಟ್ಟದಲ್ಲಿ. ಅಲ್ಲಿ ಕೊಟ್ಟ ಅಪ್ಪಣೆಗಳಲ್ಲಿ ಒಂದು ಎಲೀಷನನ್ನು ಅಭಿಷೇಕಿಸು ಎಂಬುದು. ಅಂದರೆ, ಜೊತೆಗೆ ಒಬ್ಬನನ್ನು ಇಟ್ಟುಕೋ ಎಂದು.

ಇನ್ನೊಂದು. ಬಳ್ಳಾರಿ ನಮಗೆ ದೂರವೇನಲ್ಲ. ಮಿಷನರಿ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದದ್ದು 1810ರಲ್ಲಿ, ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು 1831ರಲ್ಲಿ. ಇಪ್ಪತ್ತು ವರ್ಷ ಆತ ಮತ್ತು ಸಂಗಡಿಗರು ಒಂದೊಂದು ಮಾತಿಗೆ ತಡಕಾಡಿದ ಪುಸ್ತಕವನ್ನು ನಾವು ಶನಿವಾರ ರಾತ್ರಿ ಹತ್ತು ಗಂಟೆಗೆ ತೆರೆದು ಹನ್ನೊಂದಕ್ಕೆ ಮುಚ್ಚುತ್ತೇವೆ. ನಾನೂ ಹಾಗೆಯೇ ಮಾಡಿದವನು, ಬೈಯುತ್ತಿಲ್ಲ.

ಖಜಾಂಚಿ | ಸೋಮವಾರ, ಬೆಳಿಗ್ಗೆ 10.05

ಅಯ್ಯನವರೇ, ನಾನು ಬೇರೆ ಸಭೆಯ ಕಮಿಟಿಯಲ್ಲಿ 11 ವರ್ಷದಿಂದ ಲೆಕ್ಕ ನೋಡುವವನು. ನಿಮ್ಮ ಅನುಭವ ಓದಿ ಬೇಸರವಾಯಿತು. ಆದರೆ ಇಲ್ಲಿ ಎಲ್ಲರೂ ಸಭೆಯನ್ನೇ ದೂರುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಕಹಿಯಾಗಿರುತ್ತದೆ.

ಪಾಲಕರು ಏನನ್ನೂ ಕೈಬಿಡುವುದಿಲ್ಲ. ನಮ್ಮಲ್ಲಿ ಮನೆ ಭೇಟಿಗೆಂದು ನಾಲ್ವರ ತಂಡ ಮಾಡಿದೆವು. ಮೊದಲ ವಾರವೇ ನಮ್ಮ ಪಾಲಕರು ಅದೇ ಮನೆಗಳಿಗೆ ತಾವೂ ಹೋಗಿ ಬಂದರು, ಜನರು ತಪ್ಪು ತಿಳಿಯುತ್ತಾರೆ ಎಂದು. ತಪ್ಪು ತಿಳಿದದ್ದು ಆ ನಾಲ್ವರು. ಎರಡನೆಯ ವಾರ ಯಾರೂ ಹೋಗಲಿಲ್ಲ. ಮೈಕ್ ಸರಿಮಾಡುವುದೂ ಅವರೇ, ಹಾಡು ಆರಿಸುವುದೂ ಅವರೇ, ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ ಎತ್ತಿ ಹಿಡಿದು ಕೂಗುವುದೂ ಅವರೇ. ಆಮೇಲೆ ಒಬ್ಬನೇ ಸಾಯುತ್ತಿದ್ದೇನೆ ಎನ್ನುವುದು. ಪಾಲಕರ ಆಯಾಸದಲ್ಲಿ ಒಂದು ಪಾಲು ಸೇವೆಯದು, ಇನ್ನೊಂದು ಪಾಲು ‘ನಾನಿಲ್ಲದಿದ್ದರೆ ನಡೆಯುವುದಿಲ್ಲ’ ಎಂಬ ಸುಖದ್ದು. ಮೋಶೆಗೆ ಅವನ ಮಾವ ಇತ್ರೋ ಹೇಳಿದ್ದು ಇದನ್ನೇ ಅಲ್ಲವೇ? ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ ಎಂದು. ವಿಮೋಚನಕಾಂಡ 18. ಜನರೂ ಎಂಬುದನ್ನು ನಾವು ಮರೆತುಬಿಡುತ್ತೇವೆ.

ಹಣದ ವಿಷಯದಲ್ಲಂತೂ ಬಿಟ್ಟುಕೊಟ್ಟರೆ ಪಾಲಕರಿಗೇ ಲಾಭ. ಕಾಣಿಕೆ ಎಣಿಸುವಾಗ ಇಬ್ಬರು ಕುಳಿತು, ಅಲ್ಲೇ ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಹಾಕಬೇಕು. ಪಾಲಕರು ಆ ಮೇಜಿನ ಹತ್ತಿರ ಸುಳಿಯಲೇ ಬಾರದು. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡ ಸಭೆಗಳು ಹೇಗೂ ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ ಮಾಡಿಸಬೇಕು. ಕೈಗೆ ಹಣ ಅಂಟದ ಪಾಲಕರ ನಿದ್ದೆ ಬೇರೆಯದೇ.

ಒಂದು ಪ್ರಶ್ನೆ, ಕೋಪಿಸಿಕೊಳ್ಳಬೇಡಿ. ನಿಮ್ಮ ದೇವಾಲಯದ ಬೀಗದಕೈಗಳು ಯಾರ ಬಳಿ ಇವೆ?

ಪಾಸ್ಟರಮ್ಮ | ಸೋಮವಾರ, ಮಧ್ಯಾಹ್ನ 3.30

ಖಜಾಂಚಿ ಅಣ್ಣನವರೇ, ನಿಮ್ಮ ಮಾತಿನಲ್ಲಿ ಸತ್ಯವಿದೆ. ಆದರೆ ನಮ್ಮ ಮನೆಯವರು ಒಂದು ಕೆಲಸ ಬಿಟ್ಟರೆ ಅದು ಕಮಿಟಿಗೆ ಹೋಗುವುದಿಲ್ಲ, ನನ್ನ ಅಡುಗೆ ಮನೆಗೆ ಬರುತ್ತದೆ. ಪಾಸ್ಟರಮ್ಮ ಎಂಬ ಹುದ್ದೆ ಯಾವ ಕಾಗದದಲ್ಲೂ ಇಲ್ಲ. ಸಂಬಳವಿಲ್ಲ, ವರ್ಗಾವಣೆ ಮಾತ್ರ ಇದೆ.

ರಜೆಯ ವಿಷಯ ಬಂತಲ್ಲ, ಕೇಳಿ. ಮದುವೆಯಾದ ದಿನವೆಂದು ಒಂದು ಸೋಮವಾರ ನಾವಿಬ್ಬರೂ ಬೆಣ್ಣೆ ದೋಸೆ ತಿನ್ನಲು ಹೋದೆವು. ಹೋಟೆಲಿನಲ್ಲಿ ನಮ್ಮ ಸಭೆಯವರೊಬ್ಬರು ಕಂಡರು, ವಂದನೆ ಹೇಳಿದರು, ಅಷ್ಟೇ. ಮುಂದಿನ ಭಾನುವಾರ ಬಾಗಿಲಲ್ಲಿ ಕೈಕುಲುಕುವಾಗ, ‘ಅಯ್ಯನವರೇ, ಈಗೀಗ ಕಾಣಿಕೆ ಚೆನ್ನಾಗಿ ಬರುತ್ತಿದೆ ಅಂತ ಕಾಣುತ್ತದೆ’ ಎಂದು ನಕ್ಕರು. ತಮಾಷೆಗೇ ಅಂದಿರಬಹುದು. ಆಮೇಲೆ ಎರಡು ವರ್ಷ ನಾವು ಹೋಟೆಲ್ ಮೆಟ್ಟಿಲು ಹತ್ತಲಿಲ್ಲ. ಈಗ ದೋಸೆ ತಿನ್ನಬೇಕೆನಿಸಿದರೆ ಕಟ್ಟಿಸಿಕೊಂಡು ಬರುತ್ತಾರೆ. ಮನೆಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ.

ನಾನೂ ದೈವಶಾಸ್ತ್ರ ಓದಿದವಳು, ಅವರಿಗಿಂತ ಹೆಚ್ಚು ಅಂಕ. ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್ಐ) 1976ರಿಂದ ಹೆಂಗಸರಿಗೆ ಗುರುದೀಕ್ಷೆ ಇದೆ, 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತ ಅಮ್ಮನವರು ಬಿಷಪ್ಪರೂ ಆದರು. ನಮ್ಮ ಕಮಿಟಿ ಮಾತ್ರ ಸ್ತ್ರೀ ಸಮಾಜದಲ್ಲಿ ನಾನು ಹತ್ತು ನಿಮಿಷ ಹೆಚ್ಚು ಮಾತಾಡಿದರೂ ಗಡಿಯಾರ ನೋಡುತ್ತದೆ. ತಿಂಗಳಿಗೆ ಒಂದು ಭಾನುವಾರದ ಪ್ರಸಂಗ ನನಗೆ ಕೊಟ್ಟರೆ ಅವರಿಗೆ ಬಿಡುವೂ ಆಯಿತು, ನನಗೆ ಬೆಳೆಯಲು ಜಾಗವೂ ಆಯಿತು. ಕಮಿಟಿಯವರೇ ಇಲ್ಲಿದ್ದೀರಲ್ಲ, ಉತ್ತರ ಕೊಡಿ.

ಖಜಾಂಚಿ | ಸೋಮವಾರ, ಸಂಜೆ 4.10

ಅಮ್ಮನವರೇ, ಉತ್ತರವಿಲ್ಲ. ದೋಸೆಯ ಮಾತು ನಾವೂ ಎಂದಾದರೂ ಆಡಿರುತ್ತೇವೆ.

ಗುಡಾರದವ, ಚಳ್ಳಕೆರೆ | ಸೋಮವಾರ, ರಾತ್ರಿ 9.50

ನನ್ನದು ಅಪೊಸ್ತಲ ಪೌಲನ ದಾರಿ. ಅವನು ಕೊರಿಂಥದಲ್ಲಿ ಗುಡಾರ ಹೊಲಿದ, ನಾನು ಹಗಲು ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಸಭೆ ನೋಡುತ್ತೇನೆ. ಮಳೆ ಕೈಕೊಟ್ಟು ಶೇಂಗಾ ಹೋದ ವರ್ಷ ಕಾಣಿಕೆ ತಟ್ಟೆಯಲ್ಲಿ ಚಿಲ್ಲರೆ ಸದ್ದು ಹೆಚ್ಚು, ನೋಟು ಕಡಿಮೆ. ಗಿರಣಿಯ ಸಂಬಳ ಇಲ್ಲದಿದ್ದರೆ ಮಕ್ಕಳ ಶಾಲೆ ಬಿಡಿಸಬೇಕಿತ್ತು. ಮನೆಗಳಲ್ಲಿ ಕೂಟ ನಡೆಸುವ ನಮ್ಮಂಥ ಸ್ವತಂತ್ರ ಸಭೆಯವರಿಗೆ 2022ರ ಮತಾಂತರ ತಡೆ ಕಾಯ್ದೆಯ ನಂತರ ನೆರೆಯವರು ಯಾವಾಗ ತಕರಾರು ತೆಗೆಯುತ್ತಾರೋ ಎಂಬ ಅಂಜಿಕೆ ಬೇರೆ. ಅದು ಇರಲಿ, ಇನ್ನೊಂದು ಚರ್ಚೆ.

ಇಲ್ಲಿ ಯಾರೂ ಎತ್ತದ ವಿಷಯ ಮುಪ್ಪು. ಡಯಾಸಿಸ್ (ಬಿಷಪ್ಪರ ಆಡಳಿತದ ಪ್ರಾಂತ) ಇರುವ ಅಯ್ಯನವರಿಗೆ ನಿವೃತ್ತಿಯ ಮೇಲೆ ಏನೋ ಒಂದು ವ್ಯವಸ್ಥೆ ಇರುತ್ತದೆ. ನಮಗೆ? ನನ್ನ ಸ್ನೇಹಿತ ಸೇವಕರೊಬ್ಬರು 51ಕ್ಕೆ ತೀರಿಕೊಂಡರು. ಸಭೆಯೇ ಬಾಡಿಗೆ ಕಟ್ಟುತ್ತಿದ್ದ ಮನೆ. ಹೊಸ ಪಾಸ್ಟರ್ ಬರುತ್ತಾರೆಂದು ಮೂರು ತಿಂಗಳಲ್ಲಿ ಆ ತಾಯಿ ಪಾತ್ರೆ ಪಗಡೆ ಕಟ್ಟಿಕೊಂಡು ತವರಿಗೆ ಹೋದರು. ಸಾಮಾನು ಏರಿಸಿದವರಲ್ಲಿ ನಾನೂ ಒಬ್ಬ. ಗೋಡೆಯ ಮೇಲೆ ಅವರ ದೀಕ್ಷೆಯ ಫೋಟೊ ತೂಗಿದ್ದ ಮೊಳೆ ಹಾಗೇ ಇತ್ತು.

ಆವತ್ತು ಬಂದವನೇ ಬ್ಯಾಂಕಿಗೆ ಹೋದೆ. ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಸತ್ತರೆ ಮನೆಯವರಿಗೆ 2 ಲಕ್ಷ. 18ರಿಂದ 50 ವರ್ಷದೊಳಗೆ ಸೇರಬೇಕು. ಅಪಘಾತಕ್ಕೆ ಸುರಕ್ಷಾ ವಿಮೆ, ವರ್ಷಕ್ಕೆ 20 ರೂಪಾಯಿ. 40 ದಾಟದವರು, ಆದಾಯ ತೆರಿಗೆ ಕಟ್ಟದವರು ಅಟಲ್ ಪಿಂಚಣಿಗೆ ಸೇರಬಹುದು. 60ರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿಯವರೆಗೆ ಬರುತ್ತದೆ. 40 ದಾಟಿದ್ದರೆ ರಾಷ್ಟ್ರೀಯ ಪಿಂಚಣಿ ಯೋಜನೆ ಇದೆ, 2009ರಿಂದ ಅದು ಯಾರಿಗೂ ತೆರೆದಿದೆ, ಸಂಬಳದ ಕೆಲಸವೇ ಬೇಕೆಂದಿಲ್ಲ. ಕರ್ತನು ನೋಡಿಕೊಳ್ಳುತ್ತಾನೆ ಎಂದು ನಾನೂ ಸಾರುತ್ತೇನೆ. ಹೆಂಡತಿಯ ಹೆಸರನ್ನು ಫಾರಂನಲ್ಲಿ ಬರೆಯುವ ಕೆಲಸ ಮಾತ್ರ ನನಗೇ ಬಿಟ್ಟಿದ್ದಾನೆ.

ರಜೆ? ಗಿರಣಿಗೆ ಭಾನುವಾರ ರಜೆ, ಸಭೆಗೆ ಭಾನುವಾರ ಕೆಲಸ. ಲೆಕ್ಕ ಮುಗಿಯಿತು.

ಬೆಂಕಿಯ ಸಾಕ್ಷಿ | ಮಂಗಳವಾರ, ಬೆಳಿಗ್ಗೆ 5.20

ನಿಜವಾದ ಕರೆ ಇರುವವನಿಗೆ ಆಯಾಸವಿಲ್ಲ. ಇದೆಲ್ಲ ಶತ್ರುವಿನ ತಂತ್ರ. 21 ದಿನ ಉಪವಾಸ ಪ್ರಾರ್ಥನೆ ಮಾಡಿರಿ, ಬಿಡುಗಡೆ ಸಿಗುತ್ತದೆ. ಆಮೆನ್.

ರಾತ್ರಿ ಪಾಳಿ | ಮಂಗಳವಾರ, ಬೆಳಿಗ್ಗೆ 8.45

ಪಾಳಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ಮಾನಸಿಕ ರೋಗಿಗಳ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ, ಭಾನುವಾರ ಶಾಲೆಯಲ್ಲೂ ಕಲಿಸುತ್ತೇನೆ.

ಬ್ರದರ್, ಎಲೀಯನಿಗೆ ದೂತ ಊಟ ಕೊಟ್ಟ, ನೀವು ಉಪವಾಸ ಹೇಳುತ್ತಿದ್ದೀರಿ. ಅಯ್ಯನವರು ಮೇಲೆ ಬರೆದದ್ದನ್ನು ಮತ್ತೊಮ್ಮೆ ಓದಿ.

ದಾವಣಗೆರೆಯ ಅಣ್ಣನಿಗೆ: ಕೆಲಸ ಹೆಚ್ಚಾಗಿ ಮನಸ್ಸು ಮರಗಟ್ಟುವುದು ಒಂದು, ಖಿನ್ನತೆ ಇನ್ನೊಂದು. ಬಿಡುವು ಸಿಕ್ಕರೆ ಮೊದಲನೆಯದು ಮೆಲ್ಲಗೆ ಸಡಿಲವಾಗುತ್ತದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿದ್ದು, ನಿದ್ದೆ ಹಸಿವು ಕೆಟ್ಟು, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ರುಚಿಯಿಲ್ಲದಿದ್ದರೆ, ಇಲ್ಲವೇ ಬದುಕೇ ಬೇಡವೆನಿಸಿದರೆ ಅದು ವೈದ್ಯರಿಗೆ ತೋರಿಸಬೇಕಾದ ವಿಷಯ. ಊರಿನಲ್ಲಿ ಯಾರಾದರೂ ನೋಡಿಯಾರು ಎಂಬ ಅಂಜಿಕೆ ಇದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂದು ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ. ಮಾತ್ರೆ ಬರೆದುಕೊಟ್ಟರೆ ನುಂಗಿ. ಕನ್ನಡಕ ಹಾಕಿಕೊಂಡು ಬೈಬಲ್ ಓದುವ ಪಾಸ್ಟರನ್ನು ವಿಶ್ವಾಸ ಸಾಲದವನು ಎಂದು ಯಾರೂ ಅನ್ನುವುದಿಲ್ಲ.

ಹರಿಹರದ ಕಡೆಯ ಗುರು | ಮಂಗಳವಾರ, ರಾತ್ರಿ 10.15

ನಾನು ಕಥೋಲಿಕ ಯಾಜಕ. ಹೊರಗಿನವನು ಬಾಯಿ ಹಾಕಬಹುದೇ?

ಶೀರ್ಷಿಕೆಯ ಪ್ರಶ್ನೆಗೆ ನಮ್ಮಲ್ಲಿ ಬರೆದಿಟ್ಟ ಉತ್ತರವೇ ಇದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 283ನೆಯ ನಿಯಮದಂತೆ ಪ್ರತಿವರ್ಷ ತಕ್ಕಷ್ಟು ರಜೆ ಯಾಜಕನ ಹಕ್ಕು. 276ನೆಯ ನಿಯಮದಂತೆ ಧ್ಯಾನಕೂಟಕ್ಕೆ ಹೋಗುವುದು ಕರ್ತವ್ಯ. ಅದಕ್ಕಿಂತ ದೊಡ್ಡದು ಪಾಪನಿವೇದನೆ. ಎಷ್ಟು ಹಿರಿಯನಾದರೂ ಇನ್ನೊಬ್ಬ ಗುರುವಿನ ಮುಂದೆ ಮೊಣಕಾಲೂರಿ ನಾನು ಇಂಥದ್ದು ಮಾಡಿದೆ ಎನ್ನಬೇಕು. ಊರಿನವರೆಲ್ಲರ ಗುಟ್ಟು ಹೊರುವವನ ಗುಟ್ಟನ್ನೂ ಯಾರೋ ಒಬ್ಬರು ಹೊರುತ್ತಾರೆ.

ಹಾಗೆಂದು ಹೊಟ್ಟೆಕಿಚ್ಚು ಪಡಬೇಡಿ. ಸೆಪ್ಟೆಂಬರ್ 8ರಂದು ಆರೋಗ್ಯ ಮಾತೆಯ ಹಬ್ಬಕ್ಕೆ ಹರಿಹರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ವರ್ಷ ಅಲ್ಲಿ ಬೆಳಗಿನಿಂದ ಪಾಪನಿವೇದನೆ ಕೇಳಿ, ರಾತ್ರಿ ನನ್ನ ಧರ್ಮಕೇಂದ್ರಕ್ಕೆ ಮರಳಿ, ಮುಚ್ಚಿಟ್ಟ ಅನ್ನ ಸಾರನ್ನು ಒಬ್ಬನೇ ಉಂಡೆ. ಸಾವಿರಾರು ಜನರ ನಡುವೆ ಇದ್ದು ಬಂದವನಿಗೆ ‘ಸಾರಿಗೆ ಉಪ್ಪು ಸಾಲದು’ ಎಂದು ಹೇಳಲು ಒಬ್ಬರೂ ಇರಲಿಲ್ಲ. ಪಾಸ್ಟರಮ್ಮನವರ ಮೆತ್ತಗಾದ ದೋಸೆ ನನಗೆ ಅಂಥ ಕೆಟ್ಟದ್ದಾಗಿ ಕೇಳಿಸಲಿಲ್ಲ.

ದುರ್ಗದ ಹಳೆಯ ಅಯ್ಯ | ಬುಧವಾರ, ಬೆಳಿಗ್ಗೆ 6.00

ಫಾದರ್, ನೀವು ಹೊರಗಿನವರಲ್ಲ. ಇಷ್ಟು ಜನ ಮಾತಾಡಿದ್ದಾಯಿತು, ಇನ್ನು ಟೈಪು ಮಾಡಿ ಮಾಡಿ ನನ್ನ ಬೆರಳು ನೋಯಿಸಬೇಡಿ. ತಿಂಗಳ ಎರಡನೆಯ ಸೋಮವಾರ ನಮ್ಮ ಮನೆಗೆ ಬನ್ನಿ. ದಾವಣಗೆರೆಯಿಂದ ಬಸ್ಸಿಗೆ ಒಂದು ಗಂಟೆ ಸ್ವಲ್ಪ ಮೇಲೆ. ಚಳ್ಳಕೆರೆಯವರು ಅರ್ಧ ದಿನ ರಜೆ ಹಾಕಲಿ. ಎರಡೇ ಕಟ್ಟಳೆ: ಪ್ರಸಂಗ ಮಾಡಬಾರದು, ಸಭೆಯ ಲೆಕ್ಕ ಹೇಳಿಕೊಂಡು ಮೆರೆಯಬಾರದು. ವಿಳಾಸವನ್ನು ಖಾಸಗಿಯಾಗಿ ಕಳಿಸುತ್ತೇನೆ.

ದಾವಣಗೆರೆಯ ಸೇವಕ | ಬುಧವಾರ, ರಾತ್ರಿ 11.05

ಎಲ್ಲರಿಗೂ ಉಪಕಾರ. ಖಜಾಂಚಿಯವರೇ, ನಿಮ್ಮ ಪ್ರಶ್ನೆ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಗೊಂಚಲು ತೆಗೆದು ಎಣಿಸಿದೆ. ಹನ್ನೊಂದು ಬೀಗದಕೈಗಳು. ಮುಂಬಾಗಿಲು, ಹಿಂಬಾಗಿಲು, ಬೀರು, ಮೈಕಿನ ಪೆಟ್ಟಿಗೆ, ನೀರಿನ ಮೋಟಾರಿನ ಕೋಣೆ, ಕಾಣಿಕೆ ಪೆಟ್ಟಿಗೆ. ಉಳಿದವುಗಳಲ್ಲಿ ಎರಡು ಯಾವ ಬೀಗದವು ಎಂದು ನನಗೇ ಗೊತ್ತಿಲ್ಲ.

ದಾವಣಗೆರೆಯ ಸೇವಕ | ಐದು ವಾರಗಳ ನಂತರ, ಮಂಗಳವಾರ

ಏನಾಯಿತು ಎಂದು ಕೆಲವರು ಕೇಳಿದ್ದೀರಿ.

ಸೋಮವಾರ ನನ್ನ ಬಿಡುವಿನ ದಿನ ಎಂದು ಕಮಿಟಿಯಲ್ಲಿ ಹೇಳಿದೆ. ಇಬ್ಬರು ಮುಖ ಮುಖ ನೋಡಿಕೊಂಡರು, ಒಬ್ಬರು ‘ಸಾವು ನೋವು ಬಂದರೆ?’ ಎಂದರು. ಸಾವಿಗೆ ಬರುತ್ತೇನೆ, ಗೃಹಪ್ರವೇಶದ ದಿನ ಗೊತ್ತುಮಾಡುವ ಮಾತಿಗೆ ಬರುವುದಿಲ್ಲ ಎಂದೆ. ಕಾಣಿಕೆ ಪೆಟ್ಟಿಗೆಯ ಬೀಗದಕೈ ಇಬ್ಬರು ಹಿರಿಯರಿಗೆ, ಮೈಕಿನದು ಹಾಡಿನ ತಂಡದ ಹುಡುಗಿಗೆ, ಮೋಟಾರಿನದು ಐಟಿಐ ಓದುವ ಒಬ್ಬ ಹುಡುಗನಿಗೆ ಹೋಯಿತು. ಮೊದಲೆರಡು ಸೋಮವಾರ ಮನೆಯಲ್ಲೇ ಇದ್ದೆ. ಮೊಬೈಲನ್ನು ಹೆಂಡತಿ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಳು. ನಾನು ಅಡುಗೆ ಮನೆಯಲ್ಲಿ ಸುಳಿದಾಡಿದ್ದು ನೋಡಿ, ಈರುಳ್ಳಿ ಹೆಚ್ಚುವ ಕೆಲಸ ಕೊಟ್ಟಳು.

ನಿನ್ನೆ ದುರ್ಗಕ್ಕೆ ಹೋಗಿದ್ದೆ. ಚಳ್ಳಕೆರೆಯವರು ಹುರಿದ ಶೇಂಗಾ ತಂದಿದ್ದರು. ಫಾದರ್ ಅರ್ಧ ಗಂಟೆ ತಡವಾಗಿ ಬಂದರು. ಅಜ್ಜಿಯ ಸೆರಗಿನ ಗಂಟಿನ ವಿಷಯ ಹೇಳುವಾಗ ನನಗೆ ಗಂಟಲು ಕಟ್ಟಿತು, ಮಾತು ಮುಂದೆ ಹೋಗಲಿಲ್ಲ. ಮೂವರಲ್ಲಿ ಒಬ್ಬರೂ ಪ್ರಾರ್ಥಿಸೋಣ ಎನ್ನಲಿಲ್ಲ. ಅಯ್ಯನವರು ಶೇಂಗಾ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಇತ್ತ ಮೋಟಾರಿನ ಹುಡುಗ ಅದನ್ನು ಹಾಕಿ ಕ್ರಿಕೆಟ್ ಆಡಲು ಹೋಗಿದ್ದಾನೆ. ಟ್ಯಾಂಕು ತುಂಬಿ ಪಕ್ಕದ ಮನೆಯವರ ಒಣಗಲು ಹಾಕಿದ್ದ ಮೆಣಸಿನಕಾಯಿಯೆಲ್ಲ ತೊಯ್ದುಹೋಗಿವೆ. ಅವರು ನನಗೆ ಒಂಬತ್ತು ಸಲ ಕರೆ ಮಾಡಿದ್ದಾರೆ. ಇವತ್ತು ಬೆಳಿಗ್ಗೆ ಹೋಗಿ ಕ್ಷಮೆ ಕೇಳಿ ಬಂದೆ. ಹುಡುಗ ಮುಖ ಸಣ್ಣಗೆ ಮಾಡಿಕೊಂಡು ಬೀಗದಕೈ ತಂದು ಮೇಜಿನ ಮೇಲೆ ಇಟ್ಟಿದ್ದಾನೆ. ಈಗಲೂ ಅಲ್ಲೇ ಇದೆ. ಏನು ಮಾಡಲಿ?

ಖಜಾಂಚಿ | ಮಂಗಳವಾರ, ರಾತ್ರಿ 9.30

ಮೆಣಸಿನಕಾಯಿಯ ಹಣ ಕಮಿಟಿ ಕೊಡಲಿ, ಲೆಕ್ಕದಲ್ಲಿ ಇತರೆ ಖರ್ಚು ಎಂದು ಬರೆಯಿರಿ. ಟ್ಯಾಂಕು ತುಂಬಿದಾಗ ತಾನೇ ನಿಲ್ಲುವ ಫ್ಲೋಟ್ ಸ್ವಿಚ್ ಸಿಗುತ್ತದೆ, ದುಬಾರಿಯೇನಲ್ಲ. ಐಟಿಐ ಹುಡುಗನಲ್ಲವೇ, ಅವನ ಕೈಯಿಂದಲೇ ಹಾಕಿಸಿ. ಬೀಗದಕೈಯನ್ನು ಇವತ್ತೇ ಅವನ ಮನೆಗೆ ಕೊಟ್ಟು ಬನ್ನಿ, ನಾಳೆಗೆ ಬಿಟ್ಟರೆ ಅದು ಮತ್ತೆ ನಿಮ್ಮ ಗೊಂಚಲಿಗೆ ಸೇರುತ್ತದೆ.